ಟೇಲ್ಸ್ ಫ್ರಮ್ ದ ಕ್ರಿಪ್ಟ್: ನೋಡ್ಲಿಕ್ಕೆ ಕೂತವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಶುರುವಾದ್ರೆ ನಮ್ಮ ಉಡುಪಿ ಮನೆಯಲ್ಲಿ ಶನಿವಾರ ರಾತ್ರಿ ಈ ಸೀರೀಸ್ ಹಾಕುದು ಕೆಲವು ವರ್ಷದಿಂದ ಅಭ್ಯಾಸ ಆಗಿದೆ. ಮಂಗಳೂರಿಂದ ಬಾವ ಬರ್ತಾರೆ, ಆಚೆಮನೆಯವರು ಬರ್ತಾರೆ, ದೊಡ್ಡಮ್ಮ ಹಲಸಿನ ಹಪ್ಪಳ ಕಾಯಿಸಿ ಡಬ್ಬಿ ತುಂಬಾ ತಂದಿಡ್ತಾರೆ, ಪ್ರತಿ ಸಲ ಹೊಸಬರು ಒಬ್ಬರಾದ್ರೂ ಇರ್ತಾರೆ, ಅವರು ಕೇಳುದು ಹೋದ ಸಲದವರು ಕೇಳಿದ್ದೇ. ಹಾಗಾಗಿ ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ಕಥೆಗಳ ಕೊನೆಯನ್ನು ಆದಷ್ಟು ಹೇಳ್ಲಿಲ್ಲ, ಎರಡು ಕಡೆ ಹೇಳದೆ ಆಗುದಿಲ್ಲ, ಅಲ್ಲಿ ಮೊದಲೇ ಎಚ್ಚರಿಕೆ ಕೊಟ್ಟಿದ್ದೇನೆ.

ಇದೆಂತ ಸೀರೀಸ್, ಯಾವಾಗಿನದ್ದು?

ಅಮೆರಿಕದ ಹಾರರ್ ಸೀರೀಸ್. ಎಚ್‌ಬಿಒ ಚಾನೆಲ್‌ನಲ್ಲಿ 1989ರ ಜೂನ್ 10ಕ್ಕೆ ಶುರುವಾಯ್ತು, ಆ ಒಂದೇ ರಾತ್ರಿ ಮೂರು ಎಪಿಸೋಡ್ ಹಾಕಿದ್ರು. ಮುಗಿದದ್ದು 1996ರ ಜುಲೈ 19ಕ್ಕೆ. ಒಂದೊಂದು ಕಥೆ ಹೆಚ್ಚುಕಮ್ಮಿ ಅರ್ಧ ಗಂಟೆ, ಅಷ್ಟರಲ್ಲಿ ಶುರುವಾಗಿ ಮುಗಿತದೆ, ಮುಂದಿನ ವಾರಕ್ಕೆ ಎಂತದೂ ಬಾಕಿ ಇಡುದಿಲ್ಲ.

ಆಂಥಾಲಜಿ ಅಂತಾರಲ್ಲ, ಹಾಗಂದ್ರೆ?

ಯಕ್ಷಗಾನ ನೋಡುವ ನಮಗೆ ಇದನ್ನು ಬಿಡಿಸಿ ಹೇಳ್ಬೇಕಾಗಿಲ್ಲ. ಮೇಳ ಒಂದೇ, ಭಾಗವತರು ಅವರೇ, ಆದ್ರೆ ಇವತ್ತು ಒಂದು ಪ್ರಸಂಗ, ನಾಳೆ ಇನ್ನೊಂದು ಊರಿನ ಗದ್ದೆಯಲ್ಲಿ ಇನ್ನೊಂದು ಪ್ರಸಂಗ, ನಿನ್ನೆಯದ್ದು ನೋಡ್ಲಿಲ್ಲ ಅಂತ ಇವತ್ತಿನದ್ದು ಅರ್ಥ ಆಗದೆ ಇರುದಿಲ್ಲ. ಇದೂ ಹಾಗೆಯೇ. ಪ್ರತಿ ಎಪಿಸೋಡಿಗೂ ಬೇರೆ ಕಥೆ, ಬೇರೆ ನಟರು, ಹೆಚ್ಚಾಗಿ ಡೈರೆಕ್ಟರೂ ಬೇರೆ. ಎಲ್ಲದರಲ್ಲೂ ಇರುದು ಮೊದಲು ಬಂದು ಕಥೆ ಎತ್ತಿಕೊಟ್ಟು ಕೊನೆಗೆ ಬಂದು ಮುಗಿಸುವ ಆ ಒಣಗಿದ ಹೆಣ ಒಂದು ಮಾತ್ರ, ಅವನ ವಿಷಯ ಕೆಳಗೆ ಬರ್ತದೆ.

ಒಟ್ಟು ಎಷ್ಟು ಎಪಿಸೋಡ್?

7 ಸೀಸನ್, 93 ಎಪಿಸೋಡ್. ಮೊದಲನೇ ಸೀಸನ್‌ನಲ್ಲಿ ಬರೀ 6, ಎರಡನೆಯದ್ದರಲ್ಲಿ 18, ಉಳಿದದ್ದೆಲ್ಲ 13ರಿಂದ 15ರ ಒಳಗೆ.

ನಂಬರ್ ಪ್ರಕಾರವೇ ನೋಡ್ಬೇಕಾ? ಎಲ್ಲಿಂದ ಶುರು ಮಾಡುದು?

ನಂಬರ್ ಪ್ರಕಾರ ಬೇಡ. ಹೊಸಬರಿಗೆ ನಾನು ಯಾವಾಗಲೂ ಮೊದಲು ಹಾಕುದು ಒಂದನೇ ಸೀಸನ್‌ನ ಎರಡನೇ ಎಪಿಸೋಡ್, 'ಆ್ಯಂಡ್ ಆಲ್ ಥ್ರೂ ದ ಹೌಸ್'. ಡೈರೆಕ್ಟರ್ ರಾಬರ್ಟ್ ಝೆಮೆಕಿಸ್. ಕ್ರಿಸ್ಮಸ್ ಹಿಂದಿನ ರಾತ್ರಿ, ಹೊರಗೆ ಹಿಮ ಬೀಳ್ತಾ ಉಂಟು, ಮಹಡಿಯಲ್ಲಿ ಸಣ್ಣ ಮಗಳು ಸಾಂಟಾ ಬರ್ತಾನೆ ಅಂತ ಕಾಯ್ತಾ ಮಲಗಿದ್ದಾಳೆ, ಕೆಳಗೆ ಹೆಂಡತಿ ಬೆಂಕಿಗೂಡಿನ ಕಬ್ಬಿಣದ ಸಲಾಕೆ ತೆಗೆದು ಗಂಡನ ತಲೆಗೆ ಹೊಡಿತಾಳೆ. ಇಷ್ಟು ಆಗುದು ಮೊದಲ ಕೆಲವೇ ನಿಮಿಷದಲ್ಲಿ. ಹೆಣವನ್ನು ಎಳ್ಕೊಂಡು ಹೊರಗೆ ಹೋದಾಗ ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಂಡ ಕೊಲೆಗಾರ ಒಬ್ಬ ಸಾಂಟಾ ಡ್ರೆಸ್ಸಲ್ಲಿ ಅಂಗಳಕ್ಕೆ ಬಂದಿರ್ತಾನೆ. ಈಗ ಅವಳ ಪರಿಸ್ಥಿತಿ ನೋಡಿ, ಪೊಲೀಸರಿಗೆ ಫೋನ್ ಮಾಡಿದ್ರೆ ಜೀವ ಉಳಿತದೆ, ಆದ್ರೆ ಪೊಲೀಸರು ಬಂದ್ರೆ ಅಂಗಳದಲ್ಲಿ ಗಂಡನ ಹೆಣ ಉಂಟು. ಫೋನ್ ಕೈಯಲ್ಲಿ ಹಿಡ್ಕೊಂಡೂ ಮಾತಾಡ್ಲಿಕ್ಕೆ ಆಗುದಿಲ್ಲ. ಇಡೀ ಸೀರೀಸ್ ಎಂತ ಅಂತ ಆ ಒಂದು ಫೋನ್ ನೋಡಿದ್ರೆ ಗೊತ್ತಾಗ್ತದೆ. ಕೊನೆಯ ಒಂದು ನಿಮಿಷ ನಾನು ಹೇಳುದಿಲ್ಲ, ದಯವಿಟ್ಟು ನೋಡಿದವರೂ ಹೇಳ್ಬೇಡಿ.

ಇದನ್ನು ನಾವೊಮ್ಮೆ ಡಿಸೆಂಬರ್ 23ಕ್ಕೆ ಬಿಜೈಯಲ್ಲಿ ಬಾವನ ಮನೆಯಲ್ಲಿ ನೋಡಿದ್ದು. ಸುತ್ತ ಎಲ್ಲ ಕ್ರಿಶ್ಚಿಯನ್ನರ ಮನೆ, ಎದುರು ಮನೆ ಗೇಟಲ್ಲಿ ನಕ್ಷತ್ರದ ಗೂಡುದೀಪ, ಅಂಗಳದಲ್ಲಿ ಗೋದಲಿ, ಅವರು ಕಳಿಸಿದ ಕುಸ್ವಾರ್, ಅಂದ್ರೆ ಕ್ರಿಸ್ಮಸ್ ತಿಂಡಿಯ ತಟ್ಟೆ ನಮ್ಮ ಮುಂದೆ, ನೆವ್ರಿ, ಕಿಡಿಯೊ ಎಲ್ಲ. ಟಿವಿಯಲ್ಲಿ ಅವಳು ಬಾಗಿಲಿನ ಚಿಲಕ ಹಾಕ್ತಾ ಇದ್ದಾಳೆ, ಅದೇ ಹೊತ್ತಿಗೆ ನಮ್ಮ ಬಾಗಿಲು ಬಡಿದ ಶಬ್ದ. ಅಕ್ಕನ ಕೈಯಲ್ಲಿದ್ದ ನೆವ್ರಿ ಎರಡು ತುಂಡಾಗಿ ಮಡಿಲಿಗೆ ಬಿತ್ತು, ಒಳಗಿದ್ದ ಎಳ್ಳು ಸಕ್ಕರೆ ಎಲ್ಲ ಸೀರೆ ಮೇಲೆ. ಹೊರಗೆ ನೋಡಿದ್ರೆ ಕ್ಯಾರಲ್ ಹಾಡ್ಲಿಕ್ಕೆ ಬಂದ ಹುಡುಗರು, ಮುಂದೆ ಒಬ್ಬ ಸಾಂಟಾ ಮುಖವಾಡ ಹಾಕಿ ಗಂಟೆ ಆಡಿಸ್ತಾ ನಿಂತಿದ್ದಾನೆ. ಯಾರೂ ಬಾಗಿಲು ತೆಗಿಲಿಕ್ಕೆ ಏಳ್ಲಿಲ್ಲ, ಕೊನೆಗೆ ಬಾವನೇ ಹೋಗಿ ತೆಗೆದ್ರು. ಆ ಹುಡುಗರು ಎರಡು ಹಾಡು ಹಾಡಿ ಹೋದ್ರು, ಅಕ್ಕ ಇವತ್ತಿಗೂ ಆ ಎಪಿಸೋಡ್ ಹೆಸರು ಎತ್ತಿದ್ರೆ ಬಾಗಿಲ ಕಡೆ ನೋಡ್ತಾಳೆ.

ಅದಾದ ಮೇಲೆ ಎರಡನೇ ಸೀಸನ್‌ಗೆ ಹೋಗಿ. 'ಕಟಿಂಗ್ ಕಾರ್ಡ್ಸ್' ಹಾಕಿ, ಇಬ್ಬರು ಜೂಜುಕೋರರು, ಹಠಕ್ಕೆ ಬಿದ್ದು ದುಡ್ಡು ಬಿಟ್ಟು ಕೈಬೆರಳು ಪಣಕ್ಕಿಡ್ಲಿಕ್ಕೆ ಶುರು ಮಾಡ್ತಾರೆ, ಅಷ್ಟೇ ಕಥೆ, ಇಡೀ ಎಪಿಸೋಡಿನಲ್ಲಿ ಬೇರೆ ಎಂತದೂ ಇಲ್ಲ, ಬೇಕಾಗಿಯೂ ಇಲ್ಲ. ಮತ್ತೆ 'ಟೆಲಿವಿಷನ್ ಟೆರರ್', ಟಿವಿ ಆ್ಯಂಕರ್ ಒಬ್ಬ ರೇಟಿಂಗ್‌ಗೋಸ್ಕರ ಕ್ಯಾಮೆರಾ ತಗೊಂಡು ಭೂತಬಂಗಲೆಗೆ ಲೈವ್ ಹೋಗ್ತಾನೆ. 1990ರದ್ದು ಅದು, ಈಗ ರಾತ್ರಿ ಪಾಳುಮನೆಗೆ ನುಗ್ಗಿ ಮೊಬೈಲಲ್ಲಿ ವಿಡಿಯೊ ಮಾಡುವವರನ್ನು ನೋಡಿದಾಗೆಲ್ಲ ನನಗೆ ಅದೇ ನೆನಪು.

ಎಲ್ಲ ದೆವ್ವದ ಕಥೆಯಾ?

ಅಲ್ಲ. ಇದನ್ನು ನಾನು ಪ್ರತಿಯೊಬ್ಬರಿಗೂ ಹೇಳ್ತೇನೆ, ದೆವ್ವ ನೋಡ್ಲಿಕ್ಕೆ ಅಂತ ಕೂತ್ಕೊಂಡ್ರೆ ನಿಮಗೆ ಅರ್ಧಕ್ಕರ್ಧ ಎಪಿಸೋಡ್ ನಿರಾಸೆ ಆಗ್ತದೆ. ಇಲ್ಲಿ ಹೆದರಿಸುದು ಮನುಷ್ಯನ ಆಸೆ. ಹೆಚ್ಚಿನ ಕಥೆಯ ಗುಟ್ಟು ಒಂದೇ, ಒಬ್ಬನಿಗೆ ಯಾವುದೋ ಒಂದರ ಮೇಲೆ ಆಸೆ ಹುಟ್ಟುತ್ತದೆ, ಅದಕ್ಕೋಸ್ಕರ ಒಂದು ಕೆಟ್ಟ ಕೆಲಸ ಮಾಡ್ತಾನೆ, ಆ ಕೆಲಸವೇ ತಿರುಗಿ ಬಂದು ಅವನನ್ನು ಹಿಡಿತದೆ. ಸತ್ತವರು ಎದ್ದು ಬರುದು ಕೂಡ ಹೆಚ್ಚಾಗಿ ಆ ಲೆಕ್ಕ ಚುಕ್ತಾ ಮಾಡ್ಲಿಕ್ಕೆ.

ಒಂದನೇ ಸೀಸನ್‌ನ ಕೊನೆಯ ಎಪಿಸೋಡ್ 'ಕಲೆಕ್ಷನ್ ಕಂಪ್ಲೀಟೆಡ್' ತಗೊಳ್ಳಿ. ಇಡೀ ಜೀವನ ಕೆಲಸ ಮಾಡಿ ರಿಟೈರ್ ಆದ ಗಂಡ ಮನೆಗೆ ಬಂದು ಕೂತ್ಕೊಳ್ತಾನೆ. ಇಷ್ಟು ವರ್ಷ ಅವನು ಮನೆಯಲ್ಲಿ ಇಲ್ಲದಾಗ ಹೆಂಡತಿ ಸಾಕಿದ ಪ್ರಾಣಿಗಳನ್ನೇ ಮಕ್ಕಳ ಹಾಗೆ ಮಾಡ್ಕೊಂಡಿದ್ದಾಳೆ, ಅವನಿಗೆ ಮನೆಯಲ್ಲಿ ಜಾಗವೇ ಇಲ್ಲ. ಹೊತ್ತು ಹೋಗ್ಲಿಕ್ಕೆ ಒಂದು ಹವ್ಯಾಸ ಬೇಕು ಅಂತ ಸತ್ತ ಪ್ರಾಣಿಗಳ ಒಳಗೆ ಹುಲ್ಲು ತುಂಬಿ ನಿಲ್ಲಿಸುವ ಕೆಲಸ ಕಲಿತಾನೆ. ಮುಂದೆ ಎಂತ ಆಗ್ತದೆ ಅಂತ ನಿಮಗೆ ಅಂದಾಜು ಆಗಿರ್ಬಹುದು, ಆದ್ರೂ ನೋಡಿ, ಯಾಕಂದ್ರೆ ಅದರಲ್ಲಿ ಹೆದರಿಕೆ ಇರುದು ಹುಲ್ಲು ತುಂಬುವ ಸೀನಲ್ಲಿ ಅಲ್ಲ, ಬೆಳಿಗ್ಗೆ ಕಾಫಿ ಕುಡಿವಾಗ ಇಬ್ಬರೂ ಮಾತಾಡುವ ರೀತಿಯಲ್ಲಿ. ಬ್ಯಾಂಕಲ್ಲಿ ಮೂವತ್ತು ಚಿಲ್ರೆ ವರ್ಷ ದುಡಿದು ಮನೆಗೆ ಬಂದ ಎಷ್ಟೋ ಮಾವಂದಿರನ್ನು ನಾನು ನೋಡಿದ್ದೇನೆ, ಫ್ಯಾನ್ ಯಾಕೆ ಹಾಕಿದ್ದು, ಗೇಟ್ ಯಾಕೆ ತೆರೆದಿಟ್ಟದ್ದು ಅಂತ ದಿನವಿಡೀ ಕೇಳ್ತಾ ಇರುವವರು. ನಮ್ಮ ಆಚೆಮನೆ ಮಾವ ಇದನ್ನು ನೋಡಿ ಮುಗಿಯುವ ತನಕ ಒಂದು ಮಾತಾಡ್ಲಿಲ್ಲ, ಎದ್ದು ಹೋಗುವಾಗ ಅತ್ತೆಯ ಹತ್ರ ಮೆಲ್ಲ, "ನಿನಗೆ ನನ್ನಿಂದ ಉಪದ್ರ ಆಗ್ತದಾ ಎಂತ?" ಅಂತ ಕೇಳಿದ್ರು. ಅತ್ತೆ ಉತ್ತರ ಕೊಡದೆ ಛತ್ರಿ ಬಿಡಿಸಿ ಅವರ ತಲೆ ಮೇಲೆ ಹಿಡಿದ್ರು.

ಇನ್ನೊಂದು 'ಓನ್ಲಿ ಸಿನ್ ಡೀಪ್'. ಇದರಲ್ಲಿ ಹುಡುಗಿಯೊಬ್ಬಳು ಅಡವಿನ ಅಂಗಡಿಗೆ ಹೋಗಿ ತನ್ನ ಸೌಂದರ್ಯವನ್ನೇ ಅಡವಿಡ್ತಾಳೆ. ಬಂಗಾರ ಅಡವಿಟ್ಟು ಅವಧಿ ಮೀರಿದವರಿಗೆ, ಬಿಡಿಸ್ಕೊಳ್ಳಿಕ್ಕೆ ದುಡ್ಡು ಹೊಂದಿಸ್ಲಿಕ್ಕೆ ಓಡಾಡಿದವರಿಗೆ ಈ ಕಥೆ ಎಷ್ಟು ತಾಗ್ತದೆ ಅಂತ ಬೇರೆಯವರಿಗೆ ಗೊತ್ತಾಗ್ಲಿಕ್ಕಿಲ್ಲ. ಬಂಗಾರ ಆದ್ರೆ ಹೋದ್ರೆ ಹೋಗ್ಲಿ ಅನ್ಬಹುದು, ಮುಖಕ್ಕೆ ಹಾಗೆ ಹೇಳ್ಲಿಕ್ಕೆ ಆಗುದಿಲ್ಲ, ಇಷ್ಟೇ ವ್ಯತ್ಯಾಸ.

'ಯೆಲ್ಲೊ' ಅಂದ್ರೆ ಯಾವುದು, ಅದನ್ನು ಯಾಕೆ ಎಲ್ಲರೂ ಹೊಗಳುದು?

ಇಲ್ಲಿ ಕೊನೆ ಹೇಳ್ಬೇಕಾಗ್ತದೆ, ನೋಡದವರು ಮುಂದಿನ ಪ್ರಶ್ನೆಗೆ ಹೋಗಿ.

ಮೂರನೇ ಸೀಸನ್‌ನ ಕೊನೆಯದ್ದು, 1991. ಇದೂ ಝೆಮೆಕಿಸ್ ಮಾಡಿದ್ದು. ಮೊದಲನೇ ಮಹಾಯುದ್ಧದ ಕಥೆ, ಒಂದೇ ಒಂದು ದೆವ್ವ ಇಲ್ಲ. ಅಪ್ಪ ದೊಡ್ಡ ಸೇನಾಧಿಕಾರಿ, ಮಗ ಅವನ ಕೈಕೆಳಗೇ ಲೆಫ್ಟಿನೆಂಟ್, ಹೆದರು ಸ್ವಭಾವದವ. ಮಗನ ಹೆದರಿಕೆಯಿಂದ ಬೇರೆ ಸೈನಿಕರು ಸಾಯ್ತಾರೆ, ಅವನಿಗೆ ಗುಂಡಿಕ್ಕಿ ಕೊಲ್ಲುವ ಶಿಕ್ಷೆ ಆಗ್ತದೆ. ಹಿಂದಿನ ರಾತ್ರಿ ಅಪ್ಪ ಬಂದು ಹೇಳ್ತಾನೆ, ಬಂದೂಕಿನಲ್ಲಿ ಗುಂಡೇ ಇರುದಿಲ್ಲ, ಬರೀ ಶಬ್ದ, ನೀನು ಧೈರ್ಯವಾಗಿ ನಿಂತ್ಕೋ, ಆಮೇಲೆ ನಿನ್ನನ್ನು ಪಾರು ಮಾಡ್ತೇನೆ ಅಂತ. ಮಗ ನಂಬ್ತಾನೆ. ಎಷ್ಟು ನಂಬ್ತಾನೆ ಅಂದ್ರೆ ಬೆಳಿಗ್ಗೆ ಎದೆ ಎತ್ತಿ ನಡ್ಕೊಂಡು ಹೋಗ್ತಾನೆ, ಜೀವಮಾನದಲ್ಲಿ ಮೊದಲ ಸಲ ಧೈರ್ಯಸ್ಥನ ಹಾಗೆ. ಬಂದೂಕಿನಲ್ಲಿ ಗುಂಡು ಉಂಟು. ಅಪ್ಪನಿಗೆ ಬೇಕಾಗಿದ್ದದ್ದು ಮಗನ ಜೀವ ಅಲ್ಲ, ಮರ್ಯಾದೆ.

ಅಪ್ಪನ ಪಾತ್ರ ಕಿರ್ಕ್ ಡಗ್ಲಸ್ ಮಾಡಿದ್ದು, ಮಗನ ಪಾತ್ರ ಅವರ ಸ್ವಂತ ಮಗ ಎರಿಕ್ ಡಗ್ಲಸ್. ಅದು ಗೊತ್ತಾದ ಮೇಲೆ ಆ ರಾತ್ರಿಯ ಸೀನ್ ಇನ್ನೊಮ್ಮೆ ನೋಡಿ, ಅಪ್ಪ ಮಗನ ಮುಖ ನೋಡಿ ಸುಳ್ಳು ಹೇಳುವಾಗ ಇಬ್ಬರ ಕಣ್ಣು ನೋಡಿ. 93ರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಇದೇ. ಇದನ್ನು ಮಾತ್ರ ಮೊದಲ ದಿನ ಹಾಕ್ಬೇಡಿ, ಹತ್ತಾದ್ರೂ ನೋಡಿ ಆದ ಮೇಲೆ ಹಾಕಿ.

ನಮ್ಮ ಭೂತದ ಹಾಗೆಯಾ ಇದು?

ಬೆಂಗಳೂರು ಕಡೆಯಿಂದ ಬಂದ ನೆಂಟರು ತುಂಬಾ ಕೇಳುವ ಪ್ರಶ್ನೆ, ಹಾಗಾಗಿ ಸರಿಯಾಗಿ ಹೇಳ್ತೇನೆ. ತುಳುನಾಡಿನಲ್ಲಿ ಭೂತ ಅಂದ್ರೆ ದೈವ. ಪಂಜುರ್ಲಿ, ಗುಳಿಗ, ಇವರೆಲ್ಲ ನಾವು ಕೋಲ ಕೊಟ್ಟು, ನೇಮ ಕಟ್ಟಿ, ಕಷ್ಟ ಹೇಳ್ಕೊಂಡು, ನ್ಯಾಯ ಕೇಳುವ ಶಕ್ತಿಗಳು. ಅದು ಹಾರರ್ ಅಲ್ಲ, ಹಾರರ್‌ಗೆ ಹೋಲಿಸುದೂ ಸರಿಯಲ್ಲ. ಪಂಜಿನ ಬೆಳಕಲ್ಲಿ ನಿಂತಾಗ ಮೈ ಜುಮ್ ಅಂತದೆ, ಅದು ಭಯಭಕ್ತಿ.

ಈ ಸೀರೀಸಿನ ಸತ್ತವರಿಗೆ ಹತ್ತಿರದ್ದು ನಮ್ಮಲ್ಲಿ ಯಾವುದು ಅಂದ್ರೆ ಕುಲೆ. ಸತ್ತ ಮೇಲೂ ಮನೆಯ ಸುತ್ತ ಇರುವವರು, ಏನೋ ಒಂದು ಬಾಕಿ ಇರುವವರು. ಆದ್ರೆ ಅಲ್ಲಿಗೂ ಇಲ್ಲಿಗೂ ಒಂದು ವ್ಯತ್ಯಾಸ ಉಂಟು. ಟೇಲ್ಸ್ ಫ್ರಮ್ ದ ಕ್ರಿಪ್ಟ್‌ನಲ್ಲಿ ಸತ್ತವ ಎದ್ದು ಬಂದ್ರೆ ಸೇಡು ತೀರಿಸ್ಲಿಕ್ಕೆ, ಅವನ ಹತ್ರ ಯಾರೂ ಮಾತಾಡುದಿಲ್ಲ, ಓಡ್ತಾರೆ ಇಲ್ಲದಿದ್ರೆ ಸಾಯ್ತಾರೆ. ನಮ್ಮಲ್ಲಿ ಕುಲೆಗಳಿಗೆ ಎಂತ ಬೇಕು ಅಂತ ಕೇಳ್ತೇವೆ. ಆಟಿ ತಿಂಗಳಲ್ಲಿ ಎಲೆ ಹಾಕಿ ಬಡಿಸ್ತೇವೆ. ಮದುವೆ ಆಗದೆ ತೀರಿಹೋದ ಮಕ್ಕಳಿಗೆ ಹೆಣ್ಣು ಗಂಡು ಹುಡುಕಿ, ಎರಡು ಮನೆಯವರು ಸೇರಿ, ಸೀರೆ ಬಳೆ ಇಟ್ಟು ಕುಲೆ ಮದಿಮೆ ಮಾಡ್ತಾರೆ, ಈಗಲೂ ಮಾಡುವವರು ಇದ್ದಾರೆ. ದೊಡ್ಡಮ್ಮ ಒಂದು ಎಪಿಸೋಡ್ ನೋಡ್ತಾ, ಕೊಳೆತ ಹೆಣ ಒಂದು ಸಮಾಧಿಯಿಂದ ಕೈ ಹೊರಗೆ ಹಾಕಿದಾಗ, "ಪಾಪ, ಇದಕ್ಕೆ ಯಾರೂ ಎಂತದೂ ಬಡಿಸ್ಲಿಲ್ಲ ಕಾಣ್ತದೆ" ಅಂತ ಹೇಳಿದ್ರು. ನನಗೆ ಆ ಮಾತು ಮರೆಯುದಿಲ್ಲ. ಆಮೇಲೆ ನಾನು ಈ ಸೀರೀಸ್ ನೋಡುವ ರೀತಿಯೇ ಬದಲಾಯ್ತು, ಎದ್ದು ಬಂದ ಪ್ರತಿಯೊಂದು ಹೆಣಕ್ಕೂ ಎಂತ ಬಾಕಿ ಇತ್ತು ಅಂತ ಮೊದಲು ನೋಡ್ತೇನೆ, ಬರೆದವರು ಹೆಚ್ಚಿನ ಸಲ ಅದನ್ನು ಇಟ್ಟಿರ್ತಾರೆ ಕೂಡ.

ಶುರುವಿಗೆ ಬಂದು ನಗುವ ಆ ಹೆಣ ಯಾರು?

ಕ್ರಿಪ್ಟ್ ಕೀಪರ್. ಕ್ರಿಪ್ಟ್ ಅಂದ್ರೆ ಹಳೆ ಚರ್ಚುಗಳ ನೆಲದಡಿಯಲ್ಲಿ ಹೆಣ ಇಡುವ ಕೋಣೆ, ಅದನ್ನು ಕಾಯುವವ ಇವ. ಪ್ರತಿ ಎಪಿಸೋಡ್ ಶುರುವಾಗುವಾಗ ಕ್ಯಾಮೆರಾ ಒಂದು ದೊಡ್ಡ ಹಳೆ ಬಂಗಲೆಯೊಳಗೆ ಹೋಗಿ, ಮೆಟ್ಟಿಲು ಇಳಿದು, ನೆಲಮಾಳಿಗೆಗೆ ಹೋಗ್ತದೆ, ಅಲ್ಲಿ ಪೆಟ್ಟಿಗೆಯ ಮುಚ್ಚಳ ಧಡ್ ಅಂತ ತೆಗೆದು ಇವ ಮೇಲೆ ಬರ್ತಾನೆ. ಅದು ಮನುಷ್ಯ ವೇಷ ಹಾಕಿದ್ದಲ್ಲ, ಬೊಂಬೆ. ಮಾಡಿದವರು ಕೆವಿನ್ ಯಾಗರ್, ಚಕ್ಕಿ ಅಂತ ಕೊಲೆ ಮಾಡುವ ಗೊಂಬೆ ಒಂದುಂಟಲ್ಲ, ಅದನ್ನು ಮಾಡಿದವರೂ ಇವರೇ. ಒಳಗೆ ಯಂತ್ರ, ಹುಬ್ಬು ತುಟಿ ಕಣ್ಣು ಎಲ್ಲ ಬೇರೆ ಬೇರೆಯಾಗಿ ಆಡಿಸ್ಲಿಕ್ಕೆ ಹಲವು ಜನ ಬೇಕು. ಸ್ವರ ಜಾನ್ ಕಸೀರ್ ಅವರದ್ದು. ಆ ನಗು ಒಮ್ಮೆ ಕೇಳಿದ್ರೆ ಸಾಕು, ಗಂಟಲು ಹರಿದ ಹಾಗೆ, ಆದ್ರೂ ಅದರಲ್ಲಿ ಒಂದು ಖುಷಿ ಉಂಟು.

ಟೈಟಲ್ ಮ್ಯೂಸಿಕ್ ಡ್ಯಾನಿ ಎಲ್ಫ್‌ಮನ್. 1989 ಅವರಿಗೆ ಎಂತಾ ವರ್ಷ ನೋಡಿ, ಬ್ಯಾಟ್‌ಮನ್ ಸಿನಿಮಾ, ಸಿಂಪ್ಸನ್ಸ್ ಟೈಟಲ್, ಇದು, ಮೂರೂ ಅದೇ ವರ್ಷ ಬಂದದ್ದು.

ಇವನಿಗೂ ಅಪ್ಪ ಅಮ್ಮ ಇದ್ರಾ ಅಂತ ಕೇಳುವವರು ಎರಡನೇ ಸೀಸನ್‌ನ 'ಲೋವರ್ ಬರ್ತ್' ನೋಡಿ.

ಅವ ಹೇಳುವ ಜೋಕ್ ಅರ್ಥ ಆಗುದಿಲ್ಲ, ಸಬ್‌ಟೈಟಲ್ ಹಾಕಿದ್ರೂ ಆಗುದಿಲ್ಲ?

ಅದು ಪದದ ಆಟ, ಇಂಗ್ಲಿಷ್ ಸ್ವಲ್ಪ ಗೊತ್ತಿದ್ರೆ ಸಾಕು, ಒಮ್ಮೆ ದಾರಿ ಸಿಕ್ಕಿದ್ರೆ ಮತ್ತೆ ನೀವೇ ಹಿಡಿತೀರಿ. ಮಕ್ಕಳ ಕಾರ್ಯಕ್ರಮದಲ್ಲಿ ಬಾಯ್ಸ್ ಆ್ಯಂಡ್ ಗರ್ಲ್ಸ್ ಅಂತ ಕರಿತಾರಲ್ಲ, ಇವ ಬಾಯ್ಲ್ಸ್ ಆ್ಯಂಡ್ ಗೂಲ್ಸ್ ಅಂತ ಕರಿತಾನೆ. ಬಾಯ್ಲ್ ಅಂದ್ರೆ ಮೈಮೇಲೆ ಏಳುವ ಕುರು, ಗೂಲ್ ಅಂದ್ರೆ ಹೆಣ ತಿನ್ನುವ ಪಿಶಾಚಿ. ಎಪಿಸೋಡ್ ಹೆಸರುಗಳೂ ಹಾಗೆಯೇ. ಚಂದ ಅನ್ನುದು ಬರೀ ಚರ್ಮದಷ್ಟೇ ಆಳ ಅಂತ ಅವರಲ್ಲಿ ಒಂದು ಮಾತುಂಟು, ಅದಕ್ಕೆ ಸ್ಕಿನ್ ಡೀಪ್ ಅಂತಾರೆ, ಅದರಲ್ಲಿ ಒಂದು ಅಕ್ಷರ ತೆಗೆದ್ರೆ ಸಿನ್ ಡೀಪ್, ಪಾಪದಷ್ಟು ಆಳ ಅಂತ ಆಯ್ತು. ಮಂತ್ರ ಹಾಕುವವರು ಅಬ್ರಕಡಬ್ರ ಅಂತಾರೆ, ಎಪಿಸೋಡ್ ಹೆಸರು 'ಅಬ್ರ ಕಡಾವರ್', ಕಡಾವರ್ ಅಂದ್ರೆ ಹೆಣ. ಹಾಸ್ಯಗಾರರು ಒಂದು ಪದ ಹಿಡ್ಕೊಂಡು ಅದನ್ನೇ ಎಳೆದು ಎಳೆದು ನಗಿಸುದನ್ನು ರಾತ್ರಿಯಿಡೀ ಕೂತು ನೋಡಿದ ಜನ ನಾವು, ನಮಗೆ ಇದು ಹೊಸದಲ್ಲ.

ಈ ಕಥೆಗಳು ಎಲ್ಲಿಂದ ಬಂದದ್ದು?

ಕಾಮಿಕ್ಸಿಂದ. ಇದರ ಹಿಂದಿನ ಕಥೆ ಎಪಿಸೋಡುಗಳಷ್ಟೇ ಒಳ್ಳೆದುಂಟು.

ಇಸಿ ಕಾಮಿಕ್ಸ್ ಅಂತ ಒಂದು ಕಂಪನಿ. ಶುರು ಮಾಡಿದವರು ಮ್ಯಾಕ್ಸ್ ಗೇನ್ಸ್, ಆಗ ಅದರ ಹೆಸರು ಎಜುಕೇಷನಲ್ ಕಾಮಿಕ್ಸ್, ಬೈಬಲ್ ಕಥೆ ಎಲ್ಲ ಚಿತ್ರದಲ್ಲಿ ಹಾಕ್ತಿದ್ರು. 1947ರಲ್ಲಿ ದೋಣಿ ಅಪಘಾತದಲ್ಲಿ ಅವರು ತೀರಿಹೋದ್ರು, ಮಗ ವಿಲಿಯಂ ಗೇನ್ಸ್ ಕೈಗೆ ಬಂತು. ಅವರು ಎಜುಕೇಷನಲ್ ತೆಗೆದು ಎಂಟರ್‌ಟೈನಿಂಗ್ ಅಂತ ಮಾಡಿ, ಎಡಿಟರ್ ಆಲ್ ಫೆಲ್ಡ್‌ಸ್ಟೈನ್ ಜೊತೆ ಸೇರಿ 1950ರಲ್ಲಿ ಹಾರರ್ ಕಾಮಿಕ್ಸ್ ಶುರು ಮಾಡಿದ್ರು. ಟೇಲ್ಸ್ ಫ್ರಮ್ ದ ಕ್ರಿಪ್ಟ್, ದ ವಾಲ್ಟ್ ಆಫ್ ಹಾರರ್, ದ ಹಾಂಟ್ ಆಫ್ ಫಿಯರ್ ಅಂತ ಮೂರು. ಕಥೆ ಹೇಳ್ಲಿಕ್ಕೂ ಮೂವರು, ಕ್ರಿಪ್ಟ್ ಕೀಪರ್, ವಾಲ್ಟ್ ಕೀಪರ್, ಮತ್ತೆ ಓಲ್ಡ್ ವಿಚ್ ಅಂತ ಒಂದು ಮುದುಕಿ. ಟಿವಿಗೆ ಬರುವಾಗ ಒಬ್ಬನೇ ಉಳಿದ, ಅವನೂ ಕಾಮಿಕ್ಸಲ್ಲಿ ಬಿಳಿ ಕೂದಲು ಬಿಟ್ಟ ಮುದುಕ, ಟಿವಿಯಲ್ಲಿ ಹೆಣ ಆಗಿದ್ದು.

ಆಗ ಅಮೆರಿಕದಲ್ಲಿ ಮಕ್ಕಳು ಹಾಳಾಗ್ಲಿಕ್ಕೆ ಕಾಮಿಕ್ಸೇ ಕಾರಣ ಅಂತ ದೊಡ್ಡ ಗಲಾಟೆ ಎದ್ದಿತು. ಫ್ರೆಡ್ರಿಕ್ ವರ್ಥಮ್ ಅಂತ ಮನೋವೈದ್ಯರು 1954ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದ್ರು, ಅದೇ ವರ್ಷ ಏಪ್ರಿಲಲ್ಲಿ ಸೆನೆಟ್ ಕಮಿಟಿ ವಿಚಾರಣೆ ನಡೆಸಿತು. ಗೇನ್ಸ್ ತಾವಾಗಿಯೇ ಹೋಗಿ ಸಾಕ್ಷಿ ಹೇಳಿದ್ರು. ಅಲ್ಲಿ ಸೆನೆಟರ್ ಕೆಫೋವರ್, ಗೇನ್ಸ್ ಅವರದ್ದೇ ಕಂಪನಿಯ ಒಂದು ಮುಖಪುಟ ತೋರಿಸಿದ್ರು, ಕೊಡಲಿ ಹಿಡಿದ ಗಂಡಸಿನ ಕೈಯಲ್ಲಿ ಹೆಂಗಸಿನ ಕಡಿದ ತಲೆ, ಇದು ಸದಭಿರುಚಿಯಾ ಅಂತ ಕೇಳಿದ್ರು. ಹಾರರ್ ಕಾಮಿಕ್ಸಿನ ಮುಖಪುಟಕ್ಕೆ ಹೌದು ಅಂತ ಗೇನ್ಸ್ ಹೇಳಿದ್ರು. ನನ್ನ ಪ್ರಕಾರ ಅವರು ಹೇಳಿದ್ದು ಪ್ರಾಮಾಣಿಕ ಉತ್ತರ, ಆದ್ರೆ ಆ ಉತ್ತರದಿಂದ ಅವರಿಗೆ ತುಂಬಾ ಪೆಟ್ಟು ಬಿತ್ತು. ಆ ವರ್ಷವೇ ಪ್ರಕಾಶಕರು ಸೇರಿ ಕಾಮಿಕ್ಸ್ ಕೋಡ್ ಮಾಡಿದ್ರು, ಹೆಸರಲ್ಲಿ ಹಾರರ್, ಟೆರರ್ ಅಂತ ಪದ ಇರ್ಬಾರದು, ವ್ಯಾಂಪೈರ್, ಗೂಲ್, ಎದ್ದು ಓಡಾಡುವ ಹೆಣ ಯಾವುದೂ ಬರ್ಬಾರದು. ಅಂದ್ರೆ ಇವರ ಅಂಗಡಿಗೆ ಬೀಗ. 1955ರಲ್ಲಿ ಟೇಲ್ಸ್ ಫ್ರಮ್ ದ ಕ್ರಿಪ್ಟ್ ಕೊನೆಯ ಸಂಚಿಕೆ ಬಂತು. ಗೇನ್ಸ್ ಹತ್ರ ಉಳಿದದ್ದು ಮ್ಯಾಡ್ ಅನ್ನುವ ಹಾಸ್ಯದ ಕಾಮಿಕ್ಸ್, ಅದನ್ನು ಮ್ಯಾಗಜಿನ್ ಮಾಡಿ ಅವರು ಮತ್ತೆ ಎದ್ದು ನಿಂತ್ರು.

ಸೀರೀಸ್ ನೋಡುವಾಗ ನಾನು ಇದನ್ನು ಮರೆಯುದಿಲ್ಲ. ಮುಚ್ಚಿಸಿದ ಕಥೆಗಳು 34 ವರ್ಷ ಆದ ಮೇಲೆ ಒಂದು ಅಕ್ಷರ ಮೆತ್ತಗೆ ಮಾಡದೆ ವಾಪಸ್ ಬಂದದ್ದು. ಎಚ್‌ಬಿಒ ಜನ ತಿಂಗಳಿಗೆ ದುಡ್ಡು ಕೊಟ್ಟು ನೋಡುವ ಚಾನೆಲ್, ಜಾಹೀರಾತು ಇಲ್ಲ, ಸೋಪಿನ ಕಂಪನಿಯವರು ಎಂತ ಹೇಳ್ತಾರೋ ಅಂತ ಹೆದರ್ಬೇಕಾಗಿಲ್ಲ, ಅದಕ್ಕೇ ಸಾಧ್ಯ ಆದದ್ದು. ಗೇನ್ಸ್ ತೀರಿಹೋದದ್ದು 1992ರಲ್ಲಿ, ಅಂದ್ರೆ ಅವರು ಇದನ್ನು ಕಣ್ಣಾರೆ ನೋಡಿದ್ದಾರೆ. ಅದು ನನಗೆ ಭಾರಿ ಸಮಾಧಾನ.

ಟಿವಿ ಸೀರೀಸಿಗೆ ಇಷ್ಟು ದೊಡ್ಡ ದೊಡ್ಡ ಹೆಸರು ಹೇಗೆ ಬಂತು?

ಪ್ರೊಡ್ಯೂಸರುಗಳೇ ಹಾಗಿದ್ರು. ರಿಚರ್ಡ್ ಡಾನರ್, ವಾಲ್ಟರ್ ಹಿಲ್, ಡೇವಿಡ್ ಗೈಲರ್, ಜೋಯೆಲ್ ಸಿಲ್ವರ್, ಝೆಮೆಕಿಸ್, ಐದು ಜನವೂ ಆಗ ಹಾಲಿವುಡ್‌ನಲ್ಲಿ ಎತ್ತರದಲ್ಲಿದ್ದವರು, ಅವರು ಕರೆದ್ರೆ ಯಾರೂ ಇಲ್ಲ ಅನ್ನುದಿಲ್ಲ. ಚಿಕ್ಕ ಶೂಟಿಂಗ್, ಅರ್ಧ ಗಂಟೆ ಕಥೆ, ನಟರಿಗೆ ಡೈರೆಕ್ಷನ್ ಕೈ ಪಳಗಿಸ್ಲಿಕ್ಕೂ ಒಳ್ಳೆ ಜಾಗ. ಅರ್ನಾಲ್ಡ್ ಶ್ವಾರ್ಜ್‌ನೆಗರ್ ಮೊದಲ ಸಲ ಡೈರೆಕ್ಟ್ ಮಾಡಿದ್ದು ಇದರ 'ದ ಸ್ವಿಚ್', ಮುದುಕ ಶ್ರೀಮಂತ ಹುಡುಗಿಗೋಸ್ಕರ ದುಡ್ಡು ಕೊಟ್ಟು ಯುವಕನ ಮುಖ, ಮೈ ಒಂದೊಂದೇ ಕೊಂಡ್ಕೊಳ್ಳುವ ಕಥೆ. ಟಾಮ್ ಹ್ಯಾಂಕ್ಸ್ ಒಂದು ಮಾಡಿದ್ದಾರೆ, ಮೈಕಲ್ ಜೆ ಫಾಕ್ಸ್ ಒಂದು ಮಾಡಿದ್ದಾರೆ. ನಟರಲ್ಲಿ ಡೆಮಿ ಮೂರ್, ಜೋ ಪೆಶಿ, ಇನ್ನೂ ಹೆಸರಾಗದ ಬ್ರ್ಯಾಡ್ ಪಿಟ್. ಟಿಮ್ ಕರಿ 'ಡೆತ್ ಆಫ್ ಸಮ್ ಸೇಲ್ಸ್‌ಮನ್'ನಲ್ಲಿ ಅಪ್ಪ, ಅಮ್ಮ, ಮಗಳು ಮೂರೂ ಪಾತ್ರ ಒಬ್ಬರೇ ಮಾಡಿದ್ದಾರೆ, ನಮ್ಮಲ್ಲಿ ಗಂಡು ಹೆಣ್ಣು ಎರಡೂ ವೇಷಕ್ಕೆ ಸೈ ಅನ್ನಿಸ್ಕೊಂಡ ಕಲಾವಿದರನ್ನು ನೋಡಿದವರು ಇದನ್ನು ಬಿಡ್ಬೇಡಿ.

1995ರ 'ಯೂ, ಮರ್ಡರರ್' ಇನ್ನೊಂದು ಥರದ ಆಶ್ಚರ್ಯ. ಇಡೀ ಕಥೆ ಸತ್ತವನ ಕಣ್ಣಿಂದ ಕಾಣುದು, ಕ್ಯಾಮೆರಾವೇ ಹೆಣ. ಅವನ ಮುಖ ಕಾಣುದು ಕನ್ನಡಿಯಲ್ಲಿ ಮಾತ್ರ, ಆ ಮುಖ 1957ರಲ್ಲೇ ತೀರಿಹೋದ ಹಂಫ್ರಿ ಬೋಗಾರ್ಟ್ ಅವರದ್ದು, ಕಂಪ್ಯೂಟರಲ್ಲಿ ಕೂರಿಸಿದ್ದು. ಅದರಲ್ಲಿ ಇಸಬೆಲ್ಲಾ ರೊಸೆಲಿನಿ ಕೂಡ ಇದ್ದಾರೆ, ಬೋಗಾರ್ಟ್ ಜೊತೆ ಹಿಂದೆ ನಟಿಸಿದ ಇಂಗ್ರಿಡ್ ಬರ್ಗ್‌ಮನ್ ಅವರ ಮಗಳು.

ಬೆಕ್ಕಿನ ಎಪಿಸೋಡಿನ ಲೆಕ್ಕ ಸರಿ ಉಂಟಾ?

ಇದು ಎರಡನೇ ಎಚ್ಚರಿಕೆ, ಇಲ್ಲೂ ಕೊನೆ ಬರ್ತದೆ.

'ಡಿಗ್ ದ್ಯಾಟ್ ಕ್ಯಾಟ್... ಹಿ ಈಸ್ ರಿಯಲ್ ಗಾನ್', ಮೊದಲ ರಾತ್ರಿಯ ಮೂರನೇ ಕಥೆ, ಡಾನರ್ ಡೈರೆಕ್ಷನ್. ನಮ್ಮಲ್ಲಿ ಬೆಕ್ಕು ಅಡ್ಡ ಬಂದ್ರೆ ಅಪಶಕುನ ಅಂತಾರೆ, ಅವರಲ್ಲಿ ಬೆಕ್ಕಿಗೆ ಒಂಬತ್ತು ಜೀವ ಅಂತ ಮಾತು. ಬೀದಿಯಲ್ಲಿ ಮಲಗುವ ಅಲ್ರಿಕ್ ಅನ್ನುವವನಿಗೆ ಡಾಕ್ಟರ್ ಒಬ್ಬ ಬೆಕ್ಕಿನ ಗ್ರಂಥಿ ತೆಗೆದು ಹಾಕ್ತಾನೆ, ಒಂಬತ್ತು ಜೀವವೂ ಇವನಿಗೆ ಬರ್ತದೆ. ಜಾತ್ರೆಯ ಹಾಗಿನ ಮೇಳದಲ್ಲಿ ಜನರ ಮುಂದೆ ನೀರಲ್ಲಿ ಮುಳುಗಿ, ನೇಣಿಗೆ ಏರಿ ಸತ್ತು ಸತ್ತು ಏಳ್ತಾನೆ, ಟಿಕೆಟ್ ದುಡ್ಡು ರಾಶಿ ಬೀಳ್ತದೆ. ಕೊನೆಯ ಆಟ ಜೀವಂತ ಹೂಳಿಸ್ಕೊಳ್ಳುದು. ಪೆಟ್ಟಿಗೆಯೊಳಗೆ ಮಲಗಿಯೇ ಅವ ನಮಗೆ ಕಥೆ ಹೇಳುದು, ಬೆರಳು ಮಡಚಿ ಲೆಕ್ಕ ಹಾಕ್ತಾ, ಇನ್ನೂ ಒಂದು ಜೀವ ಉಂಟು ಅಂತ. ಮಣ್ಣು ಬಿದ್ದ ಮೇಲೆ ಅವನಿಗೆ ನೆನಪಾಗ್ತದೆ, ಗ್ರಂಥಿ ತೆಗೆಯುವಾಗ ಆ ಬೆಕ್ಕೂ ಸತ್ತಿತ್ತಲ್ಲ. ಅಂದ್ರೆ ಇವನ ಕೈಗೆ ಬರುವ ಮೊದಲೇ ಒಂದು ಜೀವ ಖರ್ಚಾಗಿತ್ತು. ಲೆಕ್ಕ ಸರಿ ಉಂಟು, ಅವ ಹಾಕಿದ್ದು ತಪ್ಪು. ನಾವು ಮೂರು ಸಲ ಪೇಪರಲ್ಲಿ ಬರೆದು ನೋಡಿದ್ದೇವೆ.

ಮಕ್ಕಳಿಗೆ ತೋರಿಸ್ಬಹುದಾ?

ಬೇಡ. ರಕ್ತ, ಬೈಗುಳ, ಬಟ್ಟೆ ಇಲ್ಲದ ಸೀನ್ ಎಲ್ಲ ಉಂಟು. ಮಕ್ಕಳಿಗೆ ಅಂತಲೇ 1993ರಲ್ಲಿ 'ಟೇಲ್ಸ್ ಫ್ರಮ್ ದ ಕ್ರಿಪ್ಟ್ ಕೀಪರ್' ಅಂತ ಕಾರ್ಟೂನ್ ಬಂದಿದೆ, ಅದನ್ನು ಹಾಕಿ.

ಡಿವಿಡಿ ತಗೊಳ್ಳುವಾಗ ಎಂತ ನೋಡ್ಬೇಕು?

ರೀಜನ್ ನಂಬರ್, ಅಂದ್ರೆ ಆ ಡಿಸ್ಕ್ ಯಾವ ಕಡೆಯ ಪ್ಲೇಯರಲ್ಲಿ ಓಡ್ತದೆ ಅಂತ ಹೇಳುವ ಅಂಕಿ. ಇದು ನಾನು ದುಡ್ಡು ಕಳ್ಕೊಂಡು ಕಲಿತದ್ದು. ಅಂಗಡಿಯವರೊಬ್ಬರ ಹತ್ರ ಹೇಳಿ ಸೆಕೆಂಡ್ ಹ್ಯಾಂಡ್ ಸೆಟ್ ತರಿಸಿದೆ, ಎಲ್ಲ ಪ್ಲೇಯರಲ್ಲೂ ಓಡ್ತದೆ ಅಂತ ಅವರು ಹೇಳಿದ್ರು, ಮನೆಗೆ ತಂದು ಎಲ್ಲರನ್ನೂ ಕೂರಿಸಿ ಹಾಕಿದ್ರೆ ಪ್ಲೇಯರ್ ಡಿಸ್ಕನ್ನು ಒಳಗೆ ತಗೊಂಡು ಸ್ವಲ್ಪ ಹೊತ್ತು ಗುರ್ ಅಂದು ವಾಪಸ್ ಉಗಿಯಿತು. ಅಮೆರಿಕದ್ದು ರೀಜನ್ 1, ನಮ್ಮದು ರೀಜನ್ 5. ವಾಪಸ್ ಕೊಡ್ಲಿಕ್ಕೆ ಹೋದ್ರೆ ಅವರು ತಗೊಳ್ಳಲಿಲ್ಲ. ಕೊನೆಗೆ ಕಂಪ್ಯೂಟರ್ ಡ್ರೈವಲ್ಲಿ ರೀಜನ್ ಬದಲಾಯಿಸಿ ನೋಡಿದ್ದು, ಆದ್ರೆ ಡ್ರೈವಲ್ಲಿ ಅದನ್ನು 5 ಸಲ ಮಾತ್ರ ಬದಲಾಯಿಸ್ಲಿಕ್ಕೆ ಆಗುದು, ಐದನೇ ಸಲಕ್ಕೆ ಯಾವುದರಲ್ಲಿ ನಿಲ್ತದೋ ಅದರಲ್ಲೇ ಖಾಯಂ. ಹಾಗಾಗಿ ಡಬ್ಬಿಯ ಹಿಂದೆ ಭೂಗೋಳದ ಚಿತ್ರದೊಳಗೆ ಒಂದು ಅಂಕಿ ಇರ್ತದೆ, ಅದು ನೋಡಿ, 5 ಇಲ್ಲದಿದ್ರೆ ಎಲ್ಲ ರೀಜನ್ ಅಂತ ಇದ್ರೆ ಮಾತ್ರ ತಗೊಳ್ಳಿ. ಇನ್ನೊಂದು, ಜಾಹೀರಾತು ಚಾನೆಲ್‌ಗಳಿಗೆ ಅಂತ ಕತ್ತರಿಸಿದ ಪ್ರತಿಗಳೂ ಉಂಟು, ಅವನ್ನು ನೋಡಿ ಇದು ಸಪ್ಪೆ ಅಂತ ಹೇಳ್ಬೇಡಿ.

ಏಳನೇ ಸೀಸನ್ ಬೇರೆ ಥರ ಉಂಟಲ್ಲ?

ಹೌದು, ಅದನ್ನು ಇಂಗ್ಲೆಂಡಲ್ಲಿ ಮಾಡಿದ್ದು, ನಟರೂ ಹೆಚ್ಚಿನವರು ಅಲ್ಲಿಯವರೇ. ಜೇಮ್ಸ್ ಬಾಂಡ್ ಆಗುದಕ್ಕೆ ಎಷ್ಟೋ ವರ್ಷ ಮೊದಲಿನ ಡೇನಿಯಲ್ ಕ್ರೇಗ್, ಮತ್ತೆ ಇವಾನ್ ಮೆಕ್‌ಗ್ರೆಗರ್ ಇದರಲ್ಲಿ ಸಿಗ್ತಾರೆ. ಕಥೆಗಳಲ್ಲಿ ಮೊದಲಿನ ಖಾರ ಇಲ್ಲ, ನನಗೆ ಒಂದರಿಂದ ಮೂರು ಸೀಸನ್ ಇಷ್ಟ, ನಾಲ್ಕು ಐದು ಪರವಾಗಿಲ್ಲ.

ಸಿನಿಮಾ ಉಂಟಾ?

1995ರಲ್ಲಿ 'ಡೀಮನ್ ನೈಟ್', 1996ರಲ್ಲಿ 'ಬೊರ್ಡೆಲೊ ಆಫ್ ಬ್ಲಡ್'. ಮೊದಲನೆಯದ್ದು ನೋಡಿ. ಅದಕ್ಕೂ ಹಿಂದೆ 1972ರಲ್ಲಿ ಬ್ರಿಟನ್ನಿನಲ್ಲಿ ಇದೇ ಹೆಸರಿನ ಸಿನಿಮಾ ಬಂದಿತ್ತು, ಐದು ಕಥೆ, ಅದರಲ್ಲಿ ಆ ಸಾಂಟಾ ಕಥೆಯೂ ಉಂಟು. ಸಿನಿಮಾದ್ದು, ಸೀರೀಸಿನದ್ದು ಎರಡನ್ನೂ ಒಂದೇ ರಾತ್ರಿ ಒಂದರ ಹಿಂದೆ ಒಂದು ಹಾಕಿ ನೋಡಿ, ಒಂದೇ ಪ್ರಸಂಗವನ್ನು ಎರಡು ಮೇಳದವರು ಆಡಿದ ಹಾಗೆ ಇರ್ತದೆ.

ಹೊಸದಾಗಿ ಮಾಡ್ತಾರೆ ಅಂತ ಸುದ್ದಿ ಇತ್ತಲ್ಲ?

ಇತ್ತು. 2016ರಲ್ಲಿ ಟಿಎನ್‌ಟಿ ಚಾನೆಲ್‌ಗೆ ಎಂ. ನೈಟ್ ಶ್ಯಾಮಲನ್ ಮಾಡ್ತಾರೆ ಅಂತ ಘೋಷಣೆ ಆಯ್ತು, ಹಕ್ಕುಗಳ ತಕರಾರು ಬಗೆಹರಿಯದೆ 2017ರಲ್ಲಿ ಬಿಟ್ಟುಬಿಟ್ರು. ಕಾಮಿಕ್ಸ್ ಒಬ್ಬರದ್ದು, ಸೀರೀಸ್ ಇನ್ನೊಬ್ಬರದ್ದು, ಪಾಲು ಆಗದ ಕುಟುಂಬದ ಆಸ್ತಿಯ ಹಾಗೆ.

ಕರೆಂಟು ಹೋದ್ರೆ ಎಂತ ಮಾಡುದು?

ಇದನ್ನು ಕೇಳುದು ಮಕ್ಕಳು, ಆದ್ರೆ ಉತ್ತರ ಎಲ್ಲರಿಗೂ ಬೇಕು, ಯಾಕಂದ್ರೆ ಜುಲೈಯಲ್ಲಿ ಗಾಳಿ ಬಂದ್ರೆ ನಮ್ಮ ಕಡೆ ಒಂದು ಎಪಿಸೋಡ್ ಪೂರ್ತಿ ಮುಗಿಯುದೇ ಕಷ್ಟ. ನಾವು ಮಾಡುದು ಇಷ್ಟು, ನಿಂತಲ್ಲಿಂದ ಮುಂದೆ ಎಂತ ಆಗ್ಬಹುದು ಅಂತ ಒಬ್ಬೊಬ್ಬರು ಹೇಳುದು, ಚಿಮಣಿ ದೀಪ ಹಚ್ಚಿಟ್ಟು, ಹೊರಗೆ ಅಡಿಕೆ ಮರ ಬಾಗುವ ಶಬ್ದ ಕೇಳ್ತಾ. ಕರೆಂಟು ಬಂದ ಮೇಲೆ ನೋಡಿ ಯಾರದ್ದು ಸರಿ ಅಂತ ಹೇಳುದು. ಇಲ್ಲಿಯವರೆಗೆ ಅತಿ ಹೆಚ್ಚು ಸಲ ಸರಿ ಹೇಳಿದ್ದು ಇಂಗ್ಲಿಷ್ ಒಂದಕ್ಷರ ಬಾರದ ದೊಡ್ಡಮ್ಮ.